ಅಳದೇ ಮುರಿದ ಎಲುಬು

ಹೋದ ವರ್ಷ ದೀಪಾವಳಿಗೆ ಇನ್ನೂ ಒಂದು ವಾರ ಇತ್ತು. ಬೆಂಗಳೂರಿನಲ್ಲಿ ಆಫೀಸು ಮುಗಿಸಿ ಬಸ್ಸು ಹಿಡಿಯುವ ಹೊತ್ತಿಗೆ ಮೂಡಲಗಿಯಿಂದ ಅಕ್ಕನ ಫೋನು ಬಂತು.

"ತಮ್ಮಾ, ಹುಡುಗನ ಕಾಲು ಬಾತೈತಿ. ಕೆಂಪಗ ಆಗೇತಿ, ಮುಟ್ಟಿದ್ರ ಬಿಸಿ ಹತ್ತತೈತಿ. ಜ್ವರಾನೂ ಬಂದಾವು. ಆದ್ರ ಅಂವ ನೋಡಿದ್ರ ಆರಾಮ ಆಡಾಕತ್ತಾನು."

ಅಲ್ಲೇ ಹತ್ತಿರದ ದವಾಖಾನೆಗೆ ಹೋದರು. ಕಾಲಿಗೆ ಸೋಂಕು ತಗಲಿದೆ ಅಂತ ಐದು ದಿನ ಆಂಟಿಬಯೋಟಿಕ್ ಕೊಟ್ಟರು. ಬಾವು ಇಳಿಯಲಿಲ್ಲ. ಆರನೇ ದಿನ ಬೇರೆ ಊರಿನ ದೊಡ್ಡ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದರೆ, ಮೊಣಕಾಲಿನ ಸ್ವಲ್ಪ ಮೇಲೆ ತೊಡೆಯ ಎಲುಬು ಮುರಿದಿತ್ತು! ಹುಡುಗ ಎಲ್ಲೂ ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಆಮೇಲೆ ಮಾವನಿಗೆ ನೆನಪಾಯ್ತು, ಒಂದು ಸಂಜೆ ಪ್ಯಾಂಟು ಬಿಚ್ಚುವಾಗ ಕಾಲು ಸ್ವಲ್ಪ ಜಗ್ಗಿದ್ದಂತೆ, ಏನೋ 'ಕಟ್' ಅಂದಂತಾಗಿತ್ತಂತೆ. ಹುಡುಗ ಅಳಲಿಲ್ಲವಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅವನು ಅಳುವುದು ಸಾಧ್ಯವೇ ಇರಲಿಲ್ಲ. ಅವನ ಕಾಲಿಗೆ ನೋವು ಗೊತ್ತಾಗುವುದಿಲ್ಲ.

ನನ್ನ ಕೆಲಸದಲ್ಲಿ ನಾವು ಎಲ್ಲಕ್ಕಿಂತ ಹೆಚ್ಚು ಹೆದರುವುದು ಎರರ್ ಮೆಸೇಜ್ ಕೊಡದೆ ಕೆಟ್ಟುಹೋಗುವ ಪ್ರೋಗ್ರಾಮಿಗೆ. ಕಿರುಚಿ ಬಿದ್ದರೆ ಹುಡುಕಬಹುದು, ಸುಮ್ಮನೆ ತಪ್ಪು ಮಾಡುತ್ತಾ ಕೂತರೆ ಏನು ಮಾಡೋದು? ನೋವು ಅಂದರೆ ದೇಹದ ಎರರ್ ಮೆಸೇಜ್. ಅದು ಇಲ್ಲದ ಕಾಲಿನಲ್ಲಿ ಮುರಿದ ಎಲುಬೂ ಸೋಂಕಿನ ವೇಷ ಹಾಕಿಕೊಂಡು ಬರುತ್ತದೆ.

ಅವತ್ತಿನಿಂದ ನಾನು ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಪ್ಯಾಂಟು ಜಗ್ಗಿದರೆ ಎಲುಬು ಯಾಕೆ ಮುರಿಯಬೇಕು? ಉತ್ತರ ಹುಡುಕುತ್ತಾ ಹೋದವನು ಮುನ್ನೂರೆಪ್ಪತ್ತು ವರ್ಷದ ಚರಿತ್ರೆಯೊಳಗೆ ಬಿದ್ದೆ. ಅದರ ಒಂದು ಎಳೆ ನಮ್ಮ ಮುಂಬೈ ಗಿರಣಿಗೂ ಇನ್ನೊಂದು ನಮ್ಮ ದಾವಣಗೆರೆಗೂ ಬಂದು ಮುಟ್ಟುತ್ತದೆ. ಅದನ್ನೇ ನಿಮ್ಮೆದುರು ಇಡೋಣ ಅಂತ ಕೂತಿದ್ದೇನೆ. ನಾನು ಡಾಕ್ಟರಲ್ಲ, ಇಂಜಿನಿಯರಿಂಗ್ ಓದಿದವನು. ಆ ಎಚ್ಚರಿಕೆ ಇಟ್ಟುಕೊಂಡೇ ಓದಿ.

ಹೆಸರು ಕೊಟ್ಟವನು

ನನ್ನ ಅಳಿಯ ಹುಟ್ಟಿದ್ದು 2016ರಲ್ಲಿ. ಆಗ ಮೂಡಲಗಿ ಇನ್ನೂ ಗೋಕಾಕ ತಾಲೂಕಿನಲ್ಲೇ ಇತ್ತು. ಹುಟ್ಟಿದಾಗಲೇ ಸೊಂಟದ ಮೇಲೆ ಬೆನ್ನಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಬೆನ್ನೆಲುಬು ಹಿಂದಿನಿಂದ ಮುಚ್ಚಿಕೊಂಡಿರಲಿಲ್ಲ, ಒಳಗಿನ ಬೆನ್ನುಹುರಿ ಚೀಲದಂತೆ ಹೊರಗೆ ಬಂದಿತ್ತು. ಬೆಳಗಾವಿಯಲ್ಲಿ ಆಪರೇಷನ್ ಮಾಡಿ ಮುಚ್ಚಿದರು. ತಲೆಯಲ್ಲಿ ನೀರು ತುಂಬುತ್ತದೆ ಅಂತ ಆಮೇಲೆ ಒಂದು ನಳಿಕೆ ಹಾಕಿದರು. ಊರಿನಲ್ಲಿ ಎಲ್ಲರೂ ಅಂದಿದ್ದು ಒಂದೇ ಮಾತು, "ಪೋಲಿಯೊ ಆಗೇತಿ". ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ ಕಂಡಿದ್ದು 2011ರ ಜನವರಿಯಲ್ಲಿ, 2014ರ ಮಾರ್ಚಿನಲ್ಲಿ ದೇಶ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರವೂ ಸಿಕ್ಕಿತ್ತು. ಆದರೆ ನಮ್ಮ ಕಡೆ ಕಾಲು ಎಳೆಯುವ ಎಲ್ಲ ಮಕ್ಕಳಿಗೂ ಇವತ್ತಿಗೂ ಅದೇ ಹೆಸರು.

ನಿಜವಾದ ಹೆಸರು ಸ್ಪೈನಾ ಬೈಫಿಡಾ. ಎರಡಾಗಿ ಸೀಳಿದ ಬೆನ್ನೆಲುಬು ಅಂತ ಅರ್ಥ. ಈ ಹೆಸರು ಕೊಟ್ಟವನು ಆಮ್‌ಸ್ಟರ್‌ಡ್ಯಾಮಿನ ವೈದ್ಯ ನಿಕೊಲಾಸ್ ಟಲ್ಪ್, 1652ರಲ್ಲಿ. ಚಿತ್ರಕಾರ ರೆಂಬ್ರಾಂಟ್ 1632ರಲ್ಲಿ ಬಿಡಿಸಿದ, ಹೆಣ ಕೊಯ್ದು ಪಾಠ ಹೇಳುವ ಡಾಕ್ಟರನ ಆ ಪ್ರಸಿದ್ಧ ಚಿತ್ರ ನೋಡಿದ್ದೀರಲ್ಲ, ಅದರಲ್ಲಿರುವವನು ಇದೇ ಟಲ್ಪ್. ಹೆಸರು ಸಿಕ್ಕಿತು, ಆದರೆ ಮುಂದಿನ ಮುನ್ನೂರು ವರ್ಷ ಹೆಚ್ಚೇನೂ ಮಾಡಲಾಗಲಿಲ್ಲ. ಇಂಥ ಮಕ್ಕಳಲ್ಲಿ ಹೆಚ್ಚಿನವರು ಬೆನ್ನಿನ ಸೋಂಕಿನಿಂದಲೋ ತಲೆಯಲ್ಲಿ ತುಂಬಿದ ನೀರಿನಿಂದಲೋ ಬೇಗ ತೀರಿಕೊಳ್ಳುತ್ತಿದ್ದರು.

ಇಲ್ಲಿ ನನಗೆ ಹೊಳೆದ ಮಾತೊಂದು. ಎಲುಬಿನ ಪ್ರಶ್ನೆ ಬದುಕಿ ಉಳಿದವರ ಪ್ರಶ್ನೆ. ಮಗು ಉಳಿಯುವುದೇ ಕಷ್ಟವಿದ್ದಾಗ ಅದರ ಎಲುಬು ಗಟ್ಟಿಯೋ ಟೊಳ್ಳೋ ಅಂತ ಕೇಳುವವರಾದರೂ ಯಾರು? 1938ರಲ್ಲಿ ಅಮೆರಿಕದ ಇಬ್ಬರು ವೈದ್ಯರು, ಗಿಲೀಸ್ ಮತ್ತು ಹಾರ್ಟುಂಗ್, ಇಂಥ ಇಬ್ಬರು ರೋಗಿಗಳಲ್ಲಿ ಮೊಣಕಾಲ ಕೆಳಗಿನ ಎಲುಬು ಮುರಿದದ್ದನ್ನು ಬರೆದಿಟ್ಟರು. ಕೇವಲ ಎರಡು ಪ್ರಕರಣ.

ಒಬ್ಬ ಅಪ್ಪ, ಒಂದು ಕವಾಟ

ಚಿತ್ರ ಬದಲಾಗಿದ್ದು 1956ರಲ್ಲಿ. ಅಮೆರಿಕದ ಜಾನ್ ಹೋಲ್ಟರ್ ಎಂಬ ಮೆಕ್ಯಾನಿಕ್‌ನ ಮಗ ಕೇಸಿ ಸ್ಪೈನಾ ಬೈಫಿಡಾದೊಂದಿಗೆ ಹುಟ್ಟಿದ. ತಲೆಯ ನೀರನ್ನು ಹೊರಗೆ ಹರಿಸುವ ನಳಿಕೆಗಳು ಆಗ ಪದೇ ಪದೇ ಕಟ್ಟಿಕೊಳ್ಳುತ್ತಿದ್ದವು. ಈ ಅಪ್ಪ ಮನೆಯಲ್ಲೇ ಕೂತು ನೀರು ಒಂದೇ ಕಡೆ ಹರಿಯುವ ಸಿಲಿಕೋನ್ ಕವಾಟ ಮಾಡಿದ. ಸರ್ಜನ್ ಯೂಜೀನ್ ಸ್ಪಿಟ್ಜ್ ಅದನ್ನು ಬಳಕೆಗೆ ತಂದರು. ಕೇಸಿ ಬಾಲ್ಯದಲ್ಲೇ ತೀರಿಕೊಂಡ. ಆದರೆ ಆ ಕವಾಟ ಮತ್ತು ಅದರ ಮುಂದಿನ ಪೀಳಿಗೆಯ ಕವಾಟಗಳಿಂದ ಲೆಕ್ಕವಿಲ್ಲದಷ್ಟು ಮಕ್ಕಳು ಉಳಿದರು. ನಮ್ಮ ಹುಡುಗನ ಕಿವಿಯ ಹಿಂದೆ ಚರ್ಮದ ಕೆಳಗೆ ಬೆರಳಿಗೆ ಹತ್ತುವ ಸಣ್ಣ ಉಬ್ಬು ಆ ವಂಶದ್ದೇ. ಡಿಗ್ರಿ ಇರುವ ನಾವು ಏನೇನೋ ಆ್ಯಪ್ ಮಾಡುತ್ತಾ ಕೂತಿದ್ದೇವೆ, ಇರಲಿ :)

ಎಲ್ಲರನ್ನೂ ಉಳಿಸಬೇಕೇ ಎಂಬ ಪ್ರಶ್ನೆಯೂ ಎದ್ದಿತು. ಇಂಗ್ಲೆಂಡಿನ ಶೆಫೀಲ್ಡಿನ ಜಾನ್ ಲಾರ್ಬರ್ 1971ರಲ್ಲಿ 524 ಮಕ್ಕಳ ಚಿಕಿತ್ಸೆಯ ಫಲಿತಾಂಶ ಮುಂದಿಟ್ಟು, ತೀರಾ ತೀವ್ರವಾಗಿದ್ದವರಿಗೆ ಆಪರೇಷನ್ ಮಾಡದಿರುವುದೇ ಲೇಸು ಅಂದರು. ಅದರ ಮೇಲೆ ದೊಡ್ಡ ವಾದವೇ ನಡೆಯಿತು. ಮರುವರ್ಷ, 1972ರಲ್ಲಿ, ಅಮೆರಿಕದ ಜ್ಯಾಕ್ ಲಾಪಿಡಿಸ್ ದಿನಕ್ಕೆ ಕೆಲವು ಸಲ ತೊಳೆದ ಸಾದಾ ನಳಿಕೆಯಿಂದಲೇ ಮೂತ್ರ ತೆಗೆಯುವ ವಿಧಾನ ತೋರಿಸಿದರು. ಕಿಡ್ನಿಗಳು ಉಳಿದವು, ಮಕ್ಕಳು ದೊಡ್ಡವರಾದರು. ಆಗ ಎಲುಬು ಮುರಿಯುವುದು ಎದ್ದು ಕಾಣತೊಡಗಿತು.

ಭಾರ ಹೊತ್ತರೇ ಎಲುಬು

ಯಾಕೆ ಮುರಿಯುತ್ತದೆ ಅನ್ನುವುದಕ್ಕೆ ಅರ್ಧ ಉತ್ತರ ಅದಕ್ಕೂ ಬಹಳ ಹಿಂದೆಯೇ ಸಿಕ್ಕಿತ್ತು. ಬರ್ಲಿನ್ನಿನ ಜೂಲಿಯಸ್ ವೋಲ್ಫ್ 1892ರಲ್ಲಿ ಒಂದು ಪುಸ್ತಕ ಬರೆದ. ಸಾರಾಂಶ ಇಷ್ಟು: ಎಲುಬು ಕಲ್ಲಿನ ಕಂಬವಲ್ಲ, ಅದು ಹೊರುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಭಾರ ಇದ್ದ ಕಡೆ ದಪ್ಪವಾಗುತ್ತದೆ, ಇಲ್ಲದ ಕಡೆ ಕರಗುತ್ತದೆ. ಟೆನ್ನಿಸ್ ಆಡುವವರ ಆಡುವ ಕೈಯ ಎಲುಬು ಇನ್ನೊಂದು ಕೈಗಿಂತ ದಪ್ಪ. ಬಾಹ್ಯಾಕಾಶದಲ್ಲಿ ತೇಲುವವರ ಸೊಂಟದ ಎಲುಬು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತದೆ.

ಈಗ ನಮ್ಮ ಹುಡುಗನನ್ನು ನೆನಪಿಸಿಕೊಳ್ಳಿ. ಸೊಂಟದ ಕೆಳಗೆ ಬಲವಿಲ್ಲ. ಕೂತಲ್ಲೇ ಆಟ, ಕೂತಲ್ಲೇ ಊಟ, ಎತ್ತಿಕೊಂಡೇ ಸಾಲೆ. ಒಂದು ಥರದಲ್ಲಿ ಅವನ ಕಾಲುಗಳು ಹುಟ್ಟಿದಾಗಿನಿಂದ ಬಾಹ್ಯಾಕಾಶದಲ್ಲೇ ಇವೆ. ಬೆನ್ನಿನ ಸೀಳು ಎಷ್ಟು ಮೇಲಿದೆಯೋ ಅಷ್ಟು ಹೆಚ್ಚು ಸ್ನಾಯುಗಳು ಸುಮ್ಮನಿರುತ್ತವೆ, ಮುರಿಯುವ ಅಪಾಯವೂ ಅಷ್ಟೇ ಹೆಚ್ಚು. ಮನೆಯೊಳಗೇ ಇರುವುದರಿಂದ ಬಿಸಿಲಿಲ್ಲ, ವಿಟಮಿನ್ ಡಿ ಇಲ್ಲ. ನಮ್ಮ ಕಡೆಯ ಬಿಸಿಲಿನಲ್ಲೂ! ಫಿಟ್ಸಿಗೆ ಕೊಡುವ ಕೆಲವು ಗುಳಿಗೆಗಳೂ ವಿಟಮಿನ್ ಡಿ ಕಡಿಮೆ ಮಾಡುತ್ತವೆ.

ಇದರಲ್ಲಿ ಇನ್ನೊಂದು ಸುಳಿ ಇದೆ, ನಾವು ಅದರೊಳಗೇ ಸಿಕ್ಕಿಬಿದ್ದೆವು. ಮುರಿದ ತೊಡೆಗೆ ಆರು ವಾರ ಪ್ಲಾಸ್ಟರ್ ಹಾಕಿದರು. ಆರು ವಾರ ಹುಡುಗ ಹಾಸಿಗೆಯಲ್ಲೇ. ಪ್ಲಾಸ್ಟರ್ ತೆಗೆದು ಹದಿನೈದು ದಿನ ಆಗಿರಲಿಲ್ಲ, ಮಗ್ಗುಲು ಬದಲಿಸುವಾಗ ಅದೇ ಕಾಲಿನ ಕೆಳಗಿನ ಎಲುಬು ಮುರಿಯಿತು. ಅಕ್ಕ ಫೋನಿನಲ್ಲಿ ಮಾತೇ ಆಡಲಿಲ್ಲ. ಕಡೆಗೆ ಮಾವ ಹುಡುಗನನ್ನು ಮಿರಜಿಗೆ ಕರೆದುಕೊಂಡು ಹೋದರು. (ಹುಕ್ಕೇರಿ, ಗೋಕಾಕದ ಕಡೆಯವರಿಗೆ ಮಿರಜ ಅಂದರೆ ಅಜ್ಜನ ಕಾಲದಿಂದ ದವಾಖಾನೆ ಊರು. ಪಾದ್ರಿ ಡಾಕ್ಟರ್ ವಾನ್ಲೆಸ್ ಅಲ್ಲಿ ಆಸ್ಪತ್ರೆ ಕಟ್ಟಿದ್ದು 1894ರಲ್ಲಿ.) ಅಲ್ಲಿ ಹಿರಿಯ ಡಾಕ್ಟರೊಬ್ಬರು ಎಕ್ಸ್‌ರೇ ನೋಡಿ, "ಇಂಥ ಮಕ್ಕಳಿಗೆ ಪ್ಲಾಸ್ಟರ್ ಎಷ್ಟು ಕಡಿಮೆ ದಿನ ಇಟ್ಟರೆ ಅಷ್ಟು ಚಲೋ. ಬೇಗ ಎಬ್ಬಿಸಿ ನಿಲ್ಲಿಸಬೇಕು" ಅಂದರಂತೆ. ಮುರಿಯುವುದು, ಕಟ್ಟುವುದು, ಕಟ್ಟಿದ್ದಕ್ಕೇ ಸವೆಯುವುದು, ಮತ್ತೆ ಮುರಿಯುವುದು. ವೋಲ್ಫ್ ಹೇಳಿದ ನಿಯಮ ತಿರುಗಿ ಬಂದು ಒದೆಯುವುದು ಅಂದರೆ ಇದೇ.

ನಿಲ್ಲಿಸುವುದರಿಂದ ನಿಜವಾಗಿ ಉಪಯೋಗ ಇದೆಯಾ? 1989ರಲ್ಲಿ ಮಜೂರ್ ಮತ್ತು ಜೊತೆಗಾರರು ಒಂದು ಹೋಲಿಕೆ ಪ್ರಕಟಿಸಿದರು. ಬೆನ್ನಿನ ಮೇಲ್ಭಾಗದಲ್ಲಿ ಸೀಳಿದ್ದ 36 ರೋಗಿಗಳಿಗೆ ಸಣ್ಣವರಿದ್ದಾಗಿನಿಂದಲೇ ಕ್ಯಾಲಿಪರ್ ಹಾಕಿ ನಡೆಸಲಾಗಿತ್ತು, ಅಂಥದ್ದೇ ಇನ್ನು 36 ಜನರಿಗೆ ಮೊದಲೇ ಗಾಲಿ ಕುರ್ಚಿ ಕೊಡಲಾಗಿತ್ತು. ನಡೆದವರಲ್ಲಿ ಎಲುಬು ಮುರಿದದ್ದೂ, ಒತ್ತಿ ಹುಣ್ಣಾದದ್ದೂ ಕಡಿಮೆ. ಕುರ್ಚಿಯವರು ಆಸ್ಪತ್ರೆಯಲ್ಲಿ ಕಳೆದ ದಿನಗಳು ಕಡಿಮೆ. ಹಾಗಾಗಿ ಕುರ್ಚಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಸಾಲೆಗೆ ಹೋಗಲು ಅದು ಬೇಕೇ ಬೇಕು. ಆದರೆ ದಿನದಲ್ಲಿ ಸ್ವಲ್ಪ ಹೊತ್ತಾದರೂ ಎಲುಬಿಗೆ ಮೈಭಾರ ಹೊರುವ ಕೆಲಸ ಸಿಗಬೇಕು.

ಇನ್ನೊಂದು ಮಾತು. ಹುಕ್ಕೇರಿ ಹತ್ತಿರ ನಮ್ಮ ಆಯಿ ಇದ್ದಾಳೆ, ತೊಂಬತ್ತರ ಹತ್ತಿರ. ಸುದ್ದಿ ತಿಳಿದ ಕೂಡಲೇ ಡಬ್ಬಿ ತುಂಬ ಅಂಟಿನುಂಡಿ ಕಟ್ಟಿ ಕಳಿಸಿದಳು. "ಎಲುಬಿಗೆ ಅಂಟಿನಷ್ಟು ಗಟ್ಟಿ ಯಾವ್ದೂ ಇಲ್ಲೋ" ಅಂತ. ನಾನೂ ಗೋಕಾಕದಿಂದ ಕರದಂಟು ಒಯ್ದಿದ್ದೆ. ಮಿರಜಿನ ಡಾಕ್ಟರು ನಕ್ಕು, ತಿನ್ನಲಿ, ಆದರೆ ಇವನು ನಡೆಯುವುದಿಲ್ಲ, ತೂಕ ಏರಿದರೆ ಎತ್ತುವವರು ನೀವೇ ಅಂದರು! ಕ್ಯಾಲ್ಸಿಯಂ ಗುಳಿಗೆಯನ್ನೂ ನಾವೇ ಅಂಗಡಿಯಿಂದ ತಂದು ಕೊಡಬಾರದಂತೆ. ಕೆಲಸವಿಲ್ಲದ ಎಲುಬಿನಿಂದ ಕರಗಿದ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತಿರುತ್ತದೆ, ಮೇಲೆ ಇನ್ನಷ್ಟು ಸುರಿದರೆ ಕಿಡ್ನಿಯಲ್ಲಿ ಕಲ್ಲಾಗಬಹುದು. ಮೊದಲು ರಕ್ತ, ಮೂತ್ರ ಪರೀಕ್ಷೆ, ಆಮೇಲೆ ಗುಳಿಗೆ.

ಗಿರಣಿಯ ಹೆಂಗಸರು

ಇಲ್ಲಿಯವರೆಗೆ ಎಲುಬಿನ ಕಥೆ. ಆದರೆ ಅಕ್ಕನ ಪ್ರಶ್ನೆ ಬೇರೆಯೇ ಇತ್ತು. "ನನ್ನ ಹೊಟ್ಯಾಗ ಯಾಕ ಹಿಂಗ ಆತು?" ಅವಳ ಅತ್ತೆಮನೆಯ ಕಡೆಯವರು ಉತ್ತರ ಎಂದೋ ಕೊಟ್ಟಾಗಿತ್ತು. ಗ್ರಹಣದ ದಿನ ಇಳಿಗೆ ಮಣಿ ಹಿಡಿದಿದ್ದಳಂತೆ! ಒಂಬತ್ತು ವರ್ಷ ಅವಳು ಇದನ್ನು ಹೊತ್ತುಕೊಂಡೇ ಓಡಾಡಿದ್ದಾಳೆ.

ವಿಜ್ಞಾನದ ಉತ್ತರ ಶುರುವಾಗುವುದು ನಮ್ಮದೇ ಮುಂಬೈ ಪ್ರಾಂತ್ಯದಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದಳು. ಜವಳಿ ಗಿರಣಿಯ ಬಡ ಬಸುರಿಯರಿಗೆ ಪ್ರಾಣ ತೆಗೆಯುವಂಥ ರಕ್ತಹೀನತೆ ಬರುತ್ತಿತ್ತು. ಅವರ ಊಟ ನೋಡಿದಳು, ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದಳು. ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಯೀಸ್ಟಿನ ಸಾರ ಕೊಟ್ಟರೆ ವಾಸಿಯಾಗುತ್ತದೆ ಅಂತ ಕಂಡುಕೊಂಡು 1931ರಲ್ಲಿ ಪ್ರಕಟಿಸಿದಳು. ಆಗ ಬೆಳಗಾವಿ ಜಿಲ್ಲೆಯೂ ಅದೇ ಪ್ರಾಂತ್ಯದಲ್ಲಿತ್ತು. ಘಟಪ್ರಭೆ ಧುಮ್ಮಿಕ್ಕುವ ಕಡೆ, ನಮ್ಮ ಗೋಕಾಕ ಫಾಲ್ಸಿನ ನೆತ್ತಿಯ ಮೇಲೆ, ಹತ್ತಿ ಗಿರಣಿ ಅಷ್ಟೊತ್ತಿಗಾಗಲೇ ನಲವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ತಿರುಗುತ್ತಿತ್ತು. ಸಣ್ಣವನಿದ್ದಾಗ ತೂಗುಸೇತುವೆ ಮೇಲೆ ನಿಂತು ಅದರ ಭೋಂಗಾ ಕೇಳಿದವನಿಗೆ, ಈ ಕಥೆ ಗಿರಣಿಯ ಹೆಂಗಸರಿಂದ ಶುರುವಾಗಿದ್ದು ಓದಿ ಮೈ ಜುಮ್ಮೆಂದಿತು.

ಆ ಸಾರದೊಳಗಿನ ವಸ್ತುವನ್ನು 1941ರಲ್ಲಿ ಅಮೆರಿಕದಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. ಎಲೆಗೆ ಲ್ಯಾಟಿನಿನಲ್ಲಿ ಫೋಲಿಯಂ ಅನ್ನುತ್ತಾರೆ, ಅದಕ್ಕೇ ಫೋಲಿಕ್ ಆಸಿಡ್ ಅಂತ ಹೆಸರು. ಅದನ್ನು ಪ್ರಯೋಗಾಲಯದಲ್ಲಿ 1945ರಲ್ಲಿ ತಯಾರಿಸಿದ್ದು ಲೆಡರ್ಲೆ ಕಂಪನಿಯ ತಂಡ, ಅದರ ಮುಂದಾಳು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಇದಕ್ಕೂ ಬೆನ್ನಿನ ಸೀಳಿಗೂ ಸಂಬಂಧ ಇರಬಹುದು ಅಂತ ಹಿಬ್ಬರ್ಡ್ ಮತ್ತು ಸ್ಮಿಥೆಲ್ಸ್ 1965ರಲ್ಲಿ ಅನುಮಾನಿಸಿದರು. ಪಕ್ಕಾ ಆಗಿದ್ದು 1991ರಲ್ಲಿ. ಏಳು ದೇಶಗಳ 33 ಕೇಂದ್ರಗಳಲ್ಲಿ, ಹಿಂದೆ ಇಂಥ ಮಗು ಹೆತ್ತಿದ್ದ 1817 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, ಬಸುರಿಗೆ ಮುಂಚಿನಿಂದಲೇ ಫೋಲಿಕ್ ಆಸಿಡ್ ತಗೊಂಡವರಲ್ಲಿ ಈ ದೋಷ ಶೇಕಡಾ 72ರಷ್ಟು ಕಡಿಮೆಯಾಯಿತು. ನಮ್ಮ ಐಸಿಎಂಆರ್ ಕೂಡ ಇಂಥದ್ದೇ ಅಧ್ಯಯನ ನಡೆಸುತ್ತಿತ್ತು. ಈ ಫಲಿತಾಂಶ ಬಂದ ಮೇಲೆ ಅರ್ಧಕ್ಕೇ ನಿಲ್ಲಿಸಿದರು. 2000ದಲ್ಲಿ ಪ್ರಕಟವಾದ ಅದರ ಲೆಕ್ಕದಲ್ಲಿ ದೋಷ ಮರುಕಳಿಸಿದ್ದು ಫೋಲಿಕ್ ಆಸಿಡ್ ಇದ್ದ ವಿಟಮಿನ್ ತಗೊಂಡವರಲ್ಲಿ ನೂರಕ್ಕೆ ಸುಮಾರು 3, ತಗೊಳ್ಳದವರಲ್ಲಿ ಸುಮಾರು 7.

ಇನ್ನು ದಾವಣಗೆರೆ. ಅಲ್ಲಿನ ಮಕ್ಕಳ ತಜ್ಞ ಡಾ. ಎಂ. ಎಲ್. ಕುಲಕರ್ಣಿ ಮತ್ತು ಜೊತೆಗಾರರು 3500 ಹೆರಿಗೆಗಳನ್ನು ಒಂದೊಂದಾಗಿ ನೋಡಿ, 1987 ಮತ್ತು 1989ರಲ್ಲಿ ಹೊರದೇಶದ ವೈದ್ಯ ಪತ್ರಿಕೆಗಳಲ್ಲಿ ಬರೆದರು. ಸಾವಿರಕ್ಕೆ 11.4 ಮಕ್ಕಳಲ್ಲಿ ಬೆನ್ನುಹುರಿ ಅಥವಾ ಮೆದುಳಿನ ಈ ಥರದ ದೋಷ! ದೇಶದ ಬೇರೆ ಬೇರೆ ಅಧ್ಯಯನಗಳನ್ನು ಕೂಡಿಸಿ ಆಮೇಲೆ ಹಾಕಿದ ಲೆಕ್ಕ ಸಾವಿರಕ್ಕೆ ಸುಮಾರು 4. ಅಂದರೆ ನಮ್ಮ ನಾಡಿನಲ್ಲೇ ಗಂಟೆ ಬಾರಿಸಿ ಮೂವತ್ತೈದು ವರ್ಷಕ್ಕೂ ಮೇಲಾಯ್ತು. ನನಗೆ ಗೊತ್ತಾಗಿದ್ದು ಹೋದ ವರ್ಷ. ನಿಮಗೆ?

ಇಪ್ಪತ್ತೆಂಟು ದಿನ

ಇದರಲ್ಲಿ ಮುಖ್ಯವಾದ ಸಂಖ್ಯೆ 28. ಗರ್ಭ ನಿಂತ ಮೇಲೆ 28 ದಿನದೊಳಗೆ ಬೆನ್ನುಹುರಿಯ ನಳಿಕೆ ಮುಚ್ಚಿಕೊಂಡು ಮುಗಿಯುತ್ತದೆ. ಅಂದರೆ ಮುಟ್ಟು ತಪ್ಪಿ ಎರಡು ವಾರ ಅಷ್ಟೇ. ಎಷ್ಟೋ ಹೆಂಗಸರಿಗೆ ಬಸುರಿ ಅಂತಲೇ ಗೊತ್ತಿರುವುದಿಲ್ಲ. ಅಕ್ಕ ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡು ಮಾಡಿಸಿ, ಗುಳಿಗೆ ಕೈಗೆ ಬರುವ ಹೊತ್ತಿಗೆ ಮೂರು ತಿಂಗಳು. ಗುಳಿಗೆ ತಪ್ಪದೆ ತಗೊಂಡಳು. ಆದರೆ ಬಾಗಿಲು ಅಷ್ಟೊತ್ತಿಗಾಗಲೇ ಮುಚ್ಚಿತ್ತು. ಅವಳ ವಿಷಯದಲ್ಲಿ, ಮುಚ್ಚದೇ ಉಳಿದಿತ್ತು.

ಅದಕ್ಕೇ ಅಮೆರಿಕ, ಕೆನಡಾಗಳಲ್ಲಿ 1998ರಿಂದ ಹಿಟ್ಟಿಗೇ ಫೋಲಿಕ್ ಆಸಿಡ್ ಬೆರೆಸುವುದು ಕಡ್ಡಾಯ. ಯಾರಿಗೂ ನೆನಪಿಡುವ ಕೆಲಸವಿಲ್ಲ. ನಮ್ಮಲ್ಲಿ 2021ರಲ್ಲಿ ಪ್ರಧಾನಿ ಘೋಷಿಸಿದ ಮೇಲೆ 2024ರ ಹೊತ್ತಿಗೆ ರೇಷನ್ ಅಕ್ಕಿಗೆ ಕಬ್ಬಿಣ, ಬಿ12 ಜೊತೆ ಇದನ್ನೂ ಬೆರೆಸಿದರು. ಒಳ್ಳೆಯದೇ. ಆದರೆ ನಮ್ಮ ಮೂಡಲಗಿ, ಹುಕ್ಕೇರಿ ಕಡೆ ತಟ್ಟೆಯಲ್ಲಿ ದೊಡ್ಡದು ಜೋಳದ ರೊಟ್ಟಿ, ಅಕ್ಕಿ ಕೊನೆಗೊಂದು ತುತ್ತು. ಜೋಳ ಹೊಲದಿಂದ ಬರುತ್ತದೆ, ಓಣಿಯ ಗಿರಣಿಯಲ್ಲಿ ಹಿಟ್ಟಾಗುತ್ತದೆ. ಅದರಲ್ಲಿ ಯಾರು ಏನು ಬೆರೆಸುತ್ತಾರೆ? ಪಲ್ಲೆ, ಬೇಳೆ, ಹಸಿ ಮೆಂತೆಸೊಪ್ಪಿನಲ್ಲಿ ಫೋಲೇಟ್ ಇದೆ ನಿಜ. ಆದರೆ ಬಹಳ ಕುದಿಸಿದರೆ ಕರಗಿ ಹೋಗುತ್ತದೆ, ಮೇಲಾಗಿ ಸೊಸೆ ಉಣ್ಣಲು ಕೂತಾಗ ಪಾತ್ರೆಯ ತಳದಲ್ಲಿ ಎಷ್ಟು ಉಳಿದಿರುತ್ತದೆ ಅನ್ನುವುದೂ ಪ್ರಶ್ನೆಯೇ.

ಇದನ್ನೆಲ್ಲ ಅಕ್ಕನಿಗೆ ಹೇಳಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ಗ್ರಹಣದ ತಪ್ಪು ಇಳಿಸಿ ಗುಳಿಗೆಯ ತಪ್ಪು ಹೊರಿಸಿದಂತಾದರೆ? ಕಡೆಗೆ ಸಂಕ್ರಾಂತಿಗೆ ಹೋದಾಗ ಪಡಸಾಲೆಯಲ್ಲಿ ಕೂತು ಹೇಳಿದೆ. ಗುಳಿಗೆ ತಗೊಂಡವರಿಗೂ ಒಮ್ಮೊಮ್ಮೆ ಹೀಗೆ ಆಗುತ್ತದೆ, ತಗೊಳ್ಳದವರಲ್ಲೂ ಬಹುಪಾಲು ಮಕ್ಕಳು ಆರಾಮ ಹುಟ್ಟುತ್ತವೆ, ನಿನಗೆ ಮೊದಲೇ ಹೇಳಬೇಕಾದವರು ಯಾರೂ ಹೇಳಲಿಲ್ಲ, ಅಷ್ಟೇ ಅಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ಒಂದೇ ಮಾತು.

"ಹಂಗಾರ ಇಳಿಗೆ ಮಣಿದಲ್ಲ?"

"ಅಲ್ಲವಾ" ಅಂದೆ. ಸೆರಗಿನಿಂದ ಕಣ್ಣು ಒರೆಸಿಕೊಂಡು ಚಹಾ ಮಾಡಲು ಎದ್ದುಹೋದಳು. ಮರುದಿನ ತನ್ನ ನಾದಿನಿಗೆ, ಈ ಬೇಸಿಗೆಯಲ್ಲಿ ಮದುವೆಯಾಗುವ ಹುಡುಗಿಗೆ, ಡಾಕ್ಟರರನ್ನು ಕೇಳಿ ಫೋಲಿಕ್ ಆಸಿಡ್ ಗುಳಿಗೆ ತಂದುಕೊಟ್ಟಿದ್ದಳು. ತಾನೂ ಇನ್ನೊಂದು ಮಗು ಬೇಕೆಂದರೆ ಸಾದಾ ಗುಳಿಗೆ ಸಾಲದು, ಒಮ್ಮೆ ಇಂಥ ಮಗು ಆದವರಿಗೆ ಹತ್ತು ಪಟ್ಟು ಡೋಸು ಬೇಕು, ಅದೂ ಬಸುರಿಗೆ ಮುಂಚಿನಿಂದಲೇ ಅನ್ನುವುದನ್ನೂ ಡಾಕ್ಟರರ ಹತ್ತಿರವೇ ಕೇಳಿಕೊಂಡು ಬಂದಿದ್ದಳು.

ಹುಡುಗನ ಸುದ್ದಿ ಹೇಳದಿದ್ದರೆ ನೀವು ಬಯ್ಯುತ್ತೀರಿ. ಮಿರಜಿನವರು ಒಂದು ನಿಲ್ಲುವ ಚೌಕಟ್ಟಿನ ಅಳತೆ ಬರೆದುಕೊಟ್ಟಿದ್ದರು. ಮಾವ ಅದನ್ನು ಗೋಕಾಕಿಗೆ ತಂದರು. ಕಟ್ಟಿಗೆಯ ಗೊಂಬೆ, ಬಣ್ಣದ ಹಣ್ಣುಗಳಿಗೆ ಹೆಸರಾದ ಊರಲ್ಲವೇ ನಮ್ಮದು, ಚೌಕಟ್ಟು ಮಾಡುವವರು ಸಿಗದೇ ಇರುತ್ತಾರೆಯೇ? ಎದೆಗೆ, ಮೊಣಕಾಲಿಗೆ ಪಟ್ಟಿ, ಮುಂದೆ ಪುಸ್ತಕ ಇಡಲು ಹಲಗೆ. ಬಡಿಗ ಕೇಳದೇ ಅದರ ಮೂಲೆಗೆ ಒಂದು ಬಣ್ಣದ ಗಿಳಿ ಕೂರಿಸಿಕೊಟ್ಟಿದ್ದಾನೆ! ದಿನಾ ಸಂಜೆ ಒಂದು ತಾಸು ಹುಡುಗ ಅದರಲ್ಲಿ ನಿಂತು ಹೋಂವರ್ಕ್ ಮಾಡುತ್ತಾನೆ, ಐಪಿಎಲ್ ಇದ್ದರೆ ಎರಡು ತಾಸು. ಪ್ಯಾಂಟು ಈಗ ಮಲಗಿಸಿ, ಜಗ್ಗದೆ, ನಿಧಾನಕ್ಕೆ ತೆಗೆಯುತ್ತಾರೆ. ಕಾಲು ಬಾತು ಬಿಸಿಯಾದರೆ ಮೊದಲು ಎಕ್ಸ್‌ರೇ ಅಂತ ಅಕ್ಕ ಗೋಡೆಯ ಮೇಲೆ ಬರೆದು ಅಂಟಿಸಿದ್ದಾಳೆ. ಆರು ತಿಂಗಳಿಂದ ಏನೂ ಮುರಿದಿಲ್ಲ.

ಮೊನ್ನೆ ವಿಡಿಯೋ ಕಾಲಿನಲ್ಲಿ ಅವನು ಹೇಳಿದ, "ಮಾಮಾ, ನಿಂತ ನೋಡಿದ್ರ ನಮ್ಮ ಮನಿ ಬ್ಯಾರೇನ ಕಾಣತೈತಿ. ಕಪಾಟಿನ ಮ್ಯಾಲ ಕರದಂಟಿನ ಡಬ್ಬಿ ಇಟ್ಟಾರ, ನಂಗ ಗೊತ್ತಾ ಇರಲಿಲ್ಲ!"